ಹವ್ಯಾಸಿ ಟೆನಿಸ್‌ನ ಮಟ್ಟಗಳು ಮತ್ತು ವಿಭಾಗಗಳು (ಅಮೆರಿಕ)

ಹವ್ಯಾಸಿ ಟೆನಿಸ್‌ನ ಮಟ್ಟಗಳು ಮತ್ತು ವಿಭಾಗಗಳು ಎಂಬುದು, ಟೆನಿಸ್ ಆಟವನ್ನು ವೃತ್ತಿಯಾಗಿಸಿಕೊಳ್ಳದೆ ಸಂತೋಷಕ್ಕಾಗಿ ಆಡುವವರು ತಮಗೆ ಸರಿಸಮಾನರೊಡನೆ ಸ್ಪರ್ಧಿಸುವಂತೆ ಅವರನ್ನು ಗುಂಪುಗೂಡಿಸುವ ಕ್ರಮವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದಕ್ಕೆ ಆಧಾರವಾಗಿರುವುದು ಅಲ್ಲಿನ ರಾಷ್ಟ್ರೀಯ ಟೆನಿಸ್ ಸಂಘವಾದ ಯುಎಸ್‌ಟಿಎ ನಡೆಸುವ ರಾಷ್ಟ್ರೀಯ ಟೆನಿಸ್ ರೇಟಿಂಗ್ ಕಾರ್ಯಕ್ರಮ, ಸಂಕ್ಷೇಪವಾಗಿ ಎನ್‌ಟಿಆರ್‌ಪಿ. 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ಪದ್ಧತಿಯ ಮೇಲೆ 1980ರಲ್ಲಿ ವಯಸ್ಕರ ಲೀಗ್ ಆರಂಭವಾಯಿತು.

ಹಿನ್ನೆಲೆ

ಟೆನಿಸ್‌ನಲ್ಲಿ ಇಬ್ಬರ ಸಾಮರ್ಥ್ಯದ ನಡುವೆ ತುಸು ಅಂತರವಿದ್ದರೂ ಪಂದ್ಯವು ಏಕಪಕ್ಷೀಯವಾಗುತ್ತದೆ. ಕ್ರಿಕೆಟ್ಟಿನಲ್ಲಾದರೆ ಒಬ್ಬನ ಕೊರತೆಯನ್ನು ಉಳಿದ ಹತ್ತು ಮಂದಿ ತುಂಬಬಲ್ಲರು. ಸಿಂಗಲ್ಸ್ ಆಟದಲ್ಲಿ ಆ ಆಸರೆ ಇಲ್ಲ. ಚೆಂಡನ್ನು ಹಿಂದಿರುಗಿಸಲಾರದವನ ಎದುರು ಆಡುವುದರಲ್ಲಿ ಬಲಶಾಲಿಗೂ ಸುಖವಿಲ್ಲ. ಎಲ್ಲರಿಗೂ ಒಂದೇ ಸ್ಪರ್ಧೆ ಇದ್ದಲ್ಲಿ ಸಾಧಾರಣ ಆಟಗಾರನು ಪ್ರತಿ ಸಲವೂ ಮೊದಲ ಸುತ್ತಿನಲ್ಲೇ ಸೋತು, ಕ್ರಮೇಣ ಅಂಕಣಕ್ಕೆ ಬರುವುದನ್ನೇ ಬಿಡುತ್ತಾನೆ. ಅವನನ್ನು ಆಟದಲ್ಲಿ ಉಳಿಸಿಕೊಳ್ಳುವುದೇ ಮಟ್ಟಗಳ ಮೂಲ ಉದ್ದೇಶ.

ಮಟ್ಟಗಳು

ಎನ್‌ಟಿಆರ್‌ಪಿ ಮಾಪನವು ತೀರ ಹೊಸಬರಿಂದ ಹಿಡಿದು ವಿಶ್ವಮಟ್ಟದ ವೃತ್ತಿಪರರಿಗೆ ಮೀಸಲಾದ 7.0ರವರೆಗೆ ಅರ್ಧರ್ಧ ಅಂಶದ ಮೆಟ್ಟಿಲುಗಳಲ್ಲಿ ಏರುತ್ತದೆ. ಹವ್ಯಾಸಿ ಸ್ಪರ್ಧೆಗಳ ಬಹುಭಾಗವು ನಡೆಯುವುದು 2.5ರಿಂದ 5.0ರ ನಡುವೆ. 2.5ರ ಆಟಗಾರನು ಚೆಂಡು ಎಲ್ಲಿ ಬೀಳುವುದೆಂದು ಅಂದಾಜಿಸಲು ಇನ್ನೂ ಕಲಿಯುತ್ತಿರುತ್ತಾನೆ. 3.0ರವನು ಮಧ್ಯಮ ವೇಗದ ಹೊಡೆತಗಳನ್ನು ತಕ್ಕಮಟ್ಟಿಗೆ ನಿಭಾಯಿಸುತ್ತಾನೆ, ಆದರೆ ಚೆಂಡಿಗೆ ದಿಕ್ಕನ್ನೂ ಆಳವನ್ನೂ ಕೊಡಲಾರ. 3.5ರಲ್ಲಿ ದಿಕ್ಕು ಕೈಗೂಡುತ್ತದೆ, 4.0ರಲ್ಲಿ ಫೋರ್‌ಹ್ಯಾಂಡ್ ಮತ್ತು ಬ್ಯಾಕ್‌ಹ್ಯಾಂಡ್ ಎರಡೂ ಭರವಸೆಗೆ ಅರ್ಹವಾಗುತ್ತವೆ. ವೇಗ ಮತ್ತು ಸ್ಪಿನ್‌ಗಳ ಬಳಕೆ 4.5ರ ಲಕ್ಷಣ. ಎದುರಾಳಿಯ ಹೊಡೆತವನ್ನು ಮುಂಚಿತವಾಗಿ ಊಹಿಸುವ ಶಕ್ತಿ 5.0ರದು.

ಈ ವಿವರಣೆಗಳನ್ನು ಓದಿ ತಮ್ಮ ಮಟ್ಟವನ್ನು ನಿರ್ಧರಿಸಿಕೊಳ್ಳುವವರು ಒಂದು ವಿಷಯವನ್ನು ಗಮನಿಸಬೇಕು. ಅಭ್ಯಾಸದಲ್ಲಿ ಸುಂದರವಾಗಿ ಕಾಣುವ ಹೊಡೆತಕ್ಕೆ ಇಲ್ಲಿ ಬೆಲೆಯಿಲ್ಲ; ಪಂದ್ಯದ ಫಲಿತಾಂಶವೇ ಅಂತಿಮ. ಚೆಂಡನ್ನು ಒಡ್ಡೊಡ್ಡಾಗಿ ಎತ್ತಿ ಹಾಕುತ್ತಲೇ ಗೆಲ್ಲುವವನು, ಸೊಗಸಾಗಿ ಆಡಿ ಸೋಲುವವನಿಗಿಂತ ಮೇಲಿನ ಮಟ್ಟದಲ್ಲಿರುತ್ತಾನೆ.

ಗಣಕದ ಲೆಕ್ಕಾಚಾರ

ಪ್ರಕಟವಾಗುವ ಅಂಕಿಯ ಹಿಂದೆ ನೂರನೆಯ ಅಂಶದವರೆಗಿನ ಇನ್ನೊಂದು ಅಂಕಿ ಅಡಗಿರುತ್ತದೆ. 3.01ರಿಂದ 3.50ರವರೆಗೆ ಇರುವವರೆಲ್ಲರೂ 3.5ರ ಆಟಗಾರರೆಂದೇ ಪರಿಗಣಿತರಾಗುತ್ತಾರೆ. ಆದುದರಿಂದ ಒಂದೇ ಮಟ್ಟದ ಇಬ್ಬರ ನಡುವೆಯೂ ಗಣನೀಯ ಅಂತರವಿರಬಹುದು. ಈ ಒಳ ಅಂಕಿಯನ್ನು ಸಂಘವು ಆಟಗಾರರಿಗೆ ತಿಳಿಸುವುದಿಲ್ಲ.

ಪ್ರತಿ ಪಂದ್ಯದ ನಂತರ ಗಣಕವು ನಿರೀಕ್ಷಿತ ಫಲಿತಾಂಶವನ್ನು ನಿಜವಾದ ಫಲಿತಾಂಶದೊಡನೆ ಹೋಲಿಸುತ್ತದೆ. ಒಬ್ಬನ ಒಳ ಅಂಕಿ 3.45, ಎದುರಾಳಿಯದು 3.15 ಎಂದಿಟ್ಟುಕೊಳ್ಳೋಣ. ಮೊದಲನೆಯವನು ಸುಲಭವಾಗಿ ಗೆಲ್ಲಬೇಕೆಂಬುದು ಗಣಕದ ನಿರೀಕ್ಷೆ. ಅವನು 7-6, 7-6ರಿಂದ ಪ್ರಯಾಸದಿಂದ ಗೆದ್ದರೆ, ಗೆದ್ದವನ ಅಂಕಿ ಇಳಿದು ಸೋತವನದು ಏರಬಹುದು. ಹೀಗಾಗಿ ಸೋಲು ಖಚಿತವಾದ ಪಂದ್ಯದಲ್ಲಿಯೂ ಪ್ರತಿಯೊಂದು ಗೇಮ್‌ಗೂ ಅರ್ಥವಿರುತ್ತದೆ. ವರ್ಷದ ಕೊನೆಯಲ್ಲಿ ಹೊಸ ಮಟ್ಟಗಳು ಪ್ರಕಟವಾಗುತ್ತವೆ. ಗಣಕ ನೀಡಿದ ಮಟ್ಟದ ಮುಂದೆ ‘ಸಿ’ ಎಂದೂ ಆಟಗಾರನೇ ಘೋಷಿಸಿಕೊಂಡ ಮಟ್ಟದ ಮುಂದೆ ‘ಎಸ್’ ಎಂದೂ ಗುರುತಿರುತ್ತದೆ. ತೀರ್ಮಾನವನ್ನು ಒಪ್ಪದವರು ಮೇಲ್ಮನವಿ ಸಲ್ಲಿಸಬಹುದು.

ಸ್ವಯಂ ಘೋಷಣೆ ಮತ್ತು ಅದರ ದುರುಪಯೋಗ

ಪದ್ಧತಿಯ ಅತಿ ದುರ್ಬಲ ಕೊಂಡಿ ಇರುವುದು ಇಲ್ಲಿಯೇ. ಮೊದಲ ಬಾರಿಗೆ ಸೇರುವವನ ಬಗ್ಗೆ ಗಣಕಕ್ಕೆ ಏನೂ ತಿಳಿಯದು. ಶಾಲೆ ಕಾಲೇಜುಗಳಲ್ಲಿ ಎಷ್ಟು ಆಡಿದ್ದ, ವೃತ್ತಿಪರನಾಗಿದ್ದನೇ ಎಂಬಂಥ ಪ್ರಶ್ನೆಗಳಿಗೆ ಅವನು ಕೊಡುವ ಉತ್ತರವನ್ನೇ ನಂಬಬೇಕಾಗುತ್ತದೆ. ಗೆಲುವಿನ ಆಸೆಯಿಂದ ಬೇಕೆಂದೇ ಕೆಳಗಿನ ಮಟ್ಟವನ್ನು ಘೋಷಿಸಿಕೊಳ್ಳುವುದನ್ನೂ, ವರ್ಷಾಂತ್ಯದಲ್ಲಿ ಬಡ್ತಿ ತಪ್ಪಿಸಿಕೊಳ್ಳಲು ಕೆಲವು ಗೇಮ್‌ಗಳನ್ನು ಬಿಟ್ಟುಕೊಡುವುದನ್ನೂ ‘ಸ್ಯಾಂಡ್‌ಬ್ಯಾಗಿಂಗ್’ ಎನ್ನುತ್ತಾರೆ. ಇದರಿಂದ ನಷ್ಟ ಅನುಭವಿಸುವವನು, ತನ್ನ ನಿಜವಾದ ಮಟ್ಟದಲ್ಲಿ ಪ್ರಾಮಾಣಿಕವಾಗಿ ಆಡಲು ಬಂದವನು.

ಇದನ್ನು ತಡೆಯಲು ಸ್ವಯಂ ಘೋಷಿತ ಆಟಗಾರರ ಒಳ ಅಂಕಿಯನ್ನು ಋತುವಿನ ಉದ್ದಕ್ಕೂ ಪರಿಶೀಲಿಸಲಾಗುತ್ತದೆ. ಅದು ಆ ಮಟ್ಟದ ಮಿತಿಯನ್ನು ಮೂರು ಬಾರಿ ಸ್ಪಷ್ಟವಾಗಿ ಮೀರಿದರೆ ಆಟಗಾರನು ಅಲ್ಲಿ ಅನರ್ಹನಾಗಿ ಮೇಲಿನ ಮಟ್ಟಕ್ಕೆ ಹೋಗಬೇಕಾಗುತ್ತದೆ. ಆದರೂ ಬಡ್ತಿಯನ್ನು ಹಿಂಜರಿಕೆಯಿಂದ ನೋಡುವವರೆಲ್ಲರೂ ಮೋಸಗಾರರೆಂದು ಭಾವಿಸಬಾರದು. 3.5ರಿಂದ 4.0ಕ್ಕೆ ಏರಿದವನು ವರ್ಷಗಳಿಂದ ಜೊತೆಗಾಡಿದ ತಂಡವನ್ನು ಅಗಲಬೇಕಾಗುತ್ತದೆ, ಹೊಸ ಮಟ್ಟದಲ್ಲಿ ಬಹುಕಾಲ ಸೋಲುತ್ತಲೂ ಇರಬಹುದು. ತೇರ್ಗಡೆಯಾದ ಸಂತೋಷದಲ್ಲೇ ಗೆಳೆಯರಿಂದ ದೂರವಾಗುವ ವಿದ್ಯಾರ್ಥಿಯ ಸ್ಥಿತಿ ಅವನದು.

ಪಂದ್ಯಾವಳಿಯ ವಿಭಾಗಗಳು

ಪಂದ್ಯಾವಳಿಗಳಲ್ಲಿ ಮೂರು ಬಗೆಯ ವಿಭಾಗಗಳು ಕಾಣಸಿಗುತ್ತವೆ. ಮುಕ್ತ ವಿಭಾಗದಲ್ಲಿ ಮಟ್ಟದ ಕಟ್ಟುಪಾಡಿಲ್ಲ. ಮಟ್ಟದ ವಿಭಾಗದಲ್ಲಿ 4.0ರ ಆಟಗಾರನು 4.5ರಲ್ಲಿ ಆಡಬಹುದು, 3.5ಕ್ಕೆ ಇಳಿಯುವಂತಿಲ್ಲ. ಮೂರನೆಯದು ವಯೋವಿಭಾಗ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಹಿರಿಯರ ಸ್ಪರ್ಧೆಗಳು 30 ವರ್ಷದಿಂದ ಆರಂಭವಾಗಿ ಐದೈದು ವರ್ಷಗಳ ಅಂತರದಲ್ಲಿ 90ರವರೆಗೂ ಸಾಗುತ್ತವೆ. ವಯಸ್ಸು ಸಾಮರ್ಥ್ಯದ ಒರಟು ಅಳತೆ ಮಾತ್ರ: ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದಾಗ ಅವರಿಗೆ 43 ವರ್ಷ. ಭಾರತದ ಕಿರಿಯರ ಸ್ಪರ್ಧೆಗಳಲ್ಲಿ 12, 14, 16 ಮತ್ತು 18 ವರ್ಷದೊಳಗಿನವರ ವಿಭಾಗಗಳಿವೆ.

ಸೋತವರು ಹೊರನಡೆಯುವ ನಾಕೌಟ್ ಪಂದ್ಯಾವಳಿಯ ಪಟ್ಟಿಯನ್ನು 8, 16, 32 ಎಂಬಂತೆ ಇಮ್ಮಡಿಯಾಗುವ ಸಂಖ್ಯೆಗಳಲ್ಲಿ ರಚಿಸಬೇಕು. 21 ಮಂದಿ ಹೆಸರು ಕೊಟ್ಟಿದ್ದರೆ 32ರ ಪಟ್ಟಿ ಮಾಡಿ, 11 ಮಂದಿಗೆ ಮೊದಲ ಸುತ್ತಿನಲ್ಲಿ ‘ಬೈ’ ನೀಡಿ ನೇರವಾಗಿ ಮುಂದಕ್ಕೆ ಕಳುಹಿಸುತ್ತಾರೆ. ಬಲಿಷ್ಠರು ಆರಂಭದಲ್ಲೇ ಎದುರಾಗದಂತೆ ಶ್ರೇಯಾಂಕ ಕೊಟ್ಟು ದೂರ ದೂರ ಇರಿಸಲಾಗುತ್ತದೆ. ದೂರದಿಂದ ಬಂದು ಒಂದೇ ಪಂದ್ಯಕ್ಕೆ ಮನೆಗೆ ಮರಳುವ ನಿರಾಶೆಯನ್ನು ತಪ್ಪಿಸಲು, ಮೊದಲ ಪಂದ್ಯದಲ್ಲಿ ಸೋತವರಿಗಾಗಿ ಪ್ರತ್ಯೇಕ ಸಮಾಧಾನಕರ ಸ್ಪರ್ಧೆಯೂ ಅನೇಕ ಕಡೆ ಇರುತ್ತದೆ. ಆಟಗಾರರು ಕಡಿಮೆ ಇದ್ದಾಗ ಪ್ರತಿಯೊಬ್ಬರೂ ಉಳಿದ ಎಲ್ಲರೊಡನೆ ಆಡುವ ರೌಂಡ್ ರಾಬಿನ್ ಕ್ರಮವೇ ಲೇಸು.

ಲೀಗ್

ಲೀಗ್ ಎಂಬುದು ತಂಡಗಳ ಸ್ಪರ್ಧೆ. 18, 40 ಮತ್ತು 55 ವರ್ಷ ಮೇಲ್ಪಟ್ಟವರಿಗೆ ಬೇರೆಬೇರೆ ಲೀಗ್‌ಗಳಿದ್ದು, ಪ್ರತಿಯೊಂದರೊಳಗೂ ಮಟ್ಟಗಳ ವಿಂಗಡಣೆ ಇದೆ. ಸ್ಥಳೀಯ ಹಂತದಲ್ಲಿ ಗೆದ್ದ ತಂಡವು ಮೇಲೇರುತ್ತಾ, ಯುಎಸ್‌ಟಿಎಯ 17 ಪ್ರಾಂತ್ಯ ವಿಭಾಗಗಳಲ್ಲಿ ತನ್ನದರ ಚಾಂಪಿಯನ್ ಆದರೆ ರಾಷ್ಟ್ರೀಯ ಹಂತಕ್ಕೆ ತಲುಪುತ್ತದೆ. ಮಿಶ್ರ ಡಬಲ್ಸ್‌ನಲ್ಲಿ ಜೋಡಿಯ ಮಟ್ಟಗಳ ಮೊತ್ತಕ್ಕೆ ಮಿತಿಯಿರುತ್ತದೆ: 7.0 ಸ್ಪರ್ಧೆಗೆ 3.5ರ ಇಬ್ಬರು ಸೇರಬಹುದು, ಅಥವಾ 4.0 ಮತ್ತು 3.0ರವರು ಜೊತೆಯಾಗಬಹುದು.

ಇತರ ಪದ್ಧತಿಗಳು

ಫ್ರಾನ್ಸಿನ ಶ್ರೇಣಿಗಳಿಗೆ ಆಟದ ಅಂಕಗಳನ್ನು ಹೋಲುವ 40, 30, 15 ಮುಂತಾದ ಹೆಸರುಗಳಿವೆ. ಆಟಗಾರ ಬಲಗೊಂಡಂತೆ ಸಂಖ್ಯೆ ಇಳಿದು, ಸೊನ್ನೆಯನ್ನೂ ದಾಟಿ ಋಣ ಸಂಖ್ಯೆಗೆ ಹೋಗುತ್ತದೆ. ಯುಟಿಆರ್ ಎಂಬ ಖಾಸಗಿ ಮಾಪನವು 1ರಿಂದ 16.5ರವರೆಗೆ ಏರುತ್ತದೆ ಮತ್ತು ಗಂಡು, ಹೆಣ್ಣು, ಕಿರಿಯ, ಹಿರಿಯ ಎಂಬ ಭೇದವಿಲ್ಲದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಅಂತರರಾಷ್ಟ್ರೀಯ ಒಕ್ಕೂಟದ ವಿಶ್ವ ಟೆನಿಸ್ ಸಂಖ್ಯೆಯಲ್ಲಿ ಹೊಸಬರು 40ರಲ್ಲಿಯೂ ಶ್ರೇಷ್ಠ ವೃತ್ತಿಪರರು 1ರ ಸಮೀಪದಲ್ಲಿಯೂ ಇರುತ್ತಾರೆ. ಎನ್‌ಟಿಆರ್‌ಪಿಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಮೇಲು, ಇದರಲ್ಲಿ ಕಡಿಮೆಯಾದಷ್ಟೂ ಮೇಲು.