ಇಲಿ ಬಿದ್ದ ಊರು: ಧಾರವಾಡ ಸೀಮೆಯಲ್ಲಿ ಪ್ಲೇಗು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳಲ್ಲಿ ಧಾರವಾಡ ಜಿಲ್ಲೆಗೆ ಹಬ್ಬಿ, 1898ರಲ್ಲಿ ಹುಬ್ಬಳ್ಳಿಯನ್ನು ಕಂಗೆಡಿಸಿತು. ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿಯಲ್ಲಿ ಕೂಡುತ್ತಿದ್ದವು; ಗದಗಿನ ದಾರಿಯಲ್ಲಿ ಅಣ್ಣಿಗೇರಿಯೂ, ಹರಿಹರದ ದಾರಿಯಲ್ಲಿ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳವೂ ಇದ್ದವು. ಹಳಿಯಿಲ್ಲದ ನವಲಗುಂದ ಹತ್ತಿಯ ಚಕ್ಕಡಿಗಳಿಂದಲೂ, ಕಲಘಟಗಿ ಭತ್ತದ ಚಕ್ಕಡಿಗಳಿಂದಲೂ ಅದೇ ಪೇಟೆಗೆ ಹೊಂದಿಕೊಂಡಿದ್ದವು.

ಪ್ಲೇಗು ಮೂಲತಃ ಇಲಿಯ ರೋಗ. ಸತ್ತ ಇಲಿಯನ್ನು ಬಿಟ್ಟ ಚಿಗಟಗಳು ಮನುಷ್ಯನನ್ನು ಕಚ್ಚಿದಾಗ ಜ್ವರವೇರಿ, ತೊಡೆಸಂದಿನಲ್ಲೋ ಕಂಕುಳಲ್ಲೋ ಗಂಟು ಏಳುತ್ತದೆ. ಎರೆಸೀಮೆಯ ಮನೆಗಳು ಈ ರೋಗಕ್ಕೆ ಹೇಳಿ ಮಾಡಿಸಿದಂತಿದ್ದವು. ವರ್ಷದ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿ, ಹುಲ್ಲು ಹಾಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದ ಕುಣಿಯಲ್ಲಿ ಭದ್ರಪಡಿಸಿದರೂ, ಊಟಕ್ಕೆ ಹೊರತೆಗೆದ ಕಾಳು ಕಿಟಕಿಯಿಲ್ಲದ ನಡುಮನೆಯ ಚೀಲಗಳಲ್ಲಿ ಉಳಿಯುತ್ತಿತ್ತು. ದಪ್ಪ ಮಣ್ಣಿನ ಗೋಡೆ ಇಲಿಗೆ ಬಿಲವಾಗುತ್ತಿತ್ತು.

ಇಲಿ ಸತ್ತು ಬಿದ್ದವೆಂದರೆ ಊರು ಬಿಡಬೇಕೆಂಬುದು ಹಳ್ಳಿಗರಿಗೆ ಬಹುಬೇಗ ಮನದಟ್ಟಾಯಿತು. ಬಾಗಿಲಿಗೆ ಕೀಲಿ ಹಾಕಿ, ದನಕರು, ಬೀಸುವ ಕಲ್ಲುಗಳೊಡನೆ ಹೊಲಕ್ಕೆ ಹೋಗಿ, ಜೋಳದ ದಂಟಿನ ಗುಡಿಸಲುಗಳಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುವುದು ರೂಢಿಯಾಯಿತು. ಮಾರಿಯ ಭಯಕ್ಕೆ ಊರಿಗೆ ಊರೇ ಹೊರಬೀಳುವ 'ಹೊರಬೀಡು' ಎಂಬ ಆಚರಣೆ ಗೊತ್ತಿದ್ದವರಿಗೆ ಇದು ತೀರ ಅಪರಿಚಿತವೇನೂ ಆಗಿರಲಿಲ್ಲ. ಆದರೆ ಮಳೆ ಹಿಡಿದಾಗ ಎರೆಮಣ್ಣಿನಲ್ಲಿ ಬಿಡಾರ ಹೂಡುವುದು ಸುಲಭದ ಮಾತಲ್ಲ. ಹೊಲವೇ ಇಲ್ಲದ ಕೂಲಿಯವರ ಪಾಡಂತೂ ಕೇಳುವಂತಿರಲಿಲ್ಲ.

ಸರಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಮನೆ ಶೋಧಿಸಿ, ರೋಗಿಗಳನ್ನು ಬೇರ್ಪಡಿಸತೊಡಗಿತ್ತು. ಪುಣೆಯಲ್ಲಿ ಈ ಬಲವಂತದ ಮೇಲಿನ ಸಿಟ್ಟು ಅದೇ ವರ್ಷ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಗೆ ಕಾರಣವಾಯಿತು. ಹುಬ್ಬಳ್ಳಿಯಲ್ಲಾದರೋ ವಿಜ್ಞಾನಿ ಹಾಫ್ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ, ಕಾಯಿಸಿ ಕೊಂದ ರೋಗಾಣುಗಳ ಲಸಿಕೆಯನ್ನು 1898ರಲ್ಲಿ ಸುಮಾರು 50,000 ಜನರ ಪೈಕಿ 30,000ಕ್ಕೂ ಹೆಚ್ಚು ಮಂದಿ ಹಾಕಿಸಿಕೊಂಡರು. ಆ ಕಾಲಕ್ಕೆ ಇದು ಅಸಾಧಾರಣ ಸಂಖ್ಯೆ. ಹುಬ್ಬಳ್ಳಿಯ ಹೆಸರು ವೈದ್ಯಚರಿತ್ರೆಯಲ್ಲಿ ಉಳಿದದ್ದೂ ಇದರಿಂದಲೇ.

ಚಿಗಟದ ಪಾತ್ರವನ್ನು ಫ್ರೆಂಚ್ ವೈದ್ಯ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು ಅದೇ 1898ರಲ್ಲಿ. ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಹಿಡಿದವು. ಚಿಗಟದ ಸುದ್ದಿಯೇ ತಿಳಿಯದೆ ಇಲಿಯಿದ್ದ ಮನೆ ಬಿಟ್ಟು ಹೊಲಕ್ಕೆ ನಡೆದ ಎರೆಸೀಮೆಯ ರೈತರ ನಿರ್ಧಾರ ವೈದ್ಯಕೀಯವಾಗಿಯೂ ಸರಿಯಾಗಿತ್ತು.