ಹಗುರ ಕಾರಿಗೆ ಗಟ್ಟಿ ಶಾಕಪ್ ಹಾಕಿಸಿದರೆ ರೋಡ್ ಗ್ರಿಪ್ ಹೆಚ್ಚುತ್ತದೆಯೇ?

'ಅಣ್ಣ, ಗಟ್ಟಿ ಶಾಕಪ್ ಹಾಕ್ಸುದ್ರ ಗಾಡಿ ರೋಡ್ಗ ಅಂಟ್ಕಂಡು ಓಡ್ತದ.' ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಕಾರು ಇಟ್ಟುಕೊಂಡವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತೀರಿ. ವಾಟ್ಸ್ಆ್ಯಪ್ ಗುಂಪುಗಳಲ್ಲೂ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಓಡಾಡುತ್ತದೆ. ಗಟ್ಟಿ ಶಾಕಪ್ ಹಾಕಿ, ಕಾರನ್ನು ಎರಡು ಇಂಚು ಇಳಿಸಿದರೆ ಚಿಕ್ಕ ಕಾರೂ ಸ್ಪೋರ್ಟ್ಸ್ ಕಾರಿನಂತೆ ತಿರುವುಗಳಲ್ಲಿ ಹೋಗುತ್ತದೆ ಎನ್ನುವುದು ಅದರ ಸಾರ.

ಇದು ನಿಜವೇ? ಚುಟುಕಾಗಿ ಹೇಳುವುದಾದರೆ, ರೇಸ್ ಟ್ರ್ಯಾಕಿನಂಥ ನಯವಾದ ರಸ್ತೆಯಲ್ಲಿ ಸ್ವಲ್ಪ ನಿಜ. ಗುಂಡಿ, ಉಬ್ಬು, ಘಾಟಿ ಇರುವ ನಮ್ಮ ರಸ್ತೆಗಳಲ್ಲಿ ಬಹುಪಾಲು ಉಲ್ಟಾ. ಅದರಲ್ಲೂ ಕಾರು ಹಗುರವಾಗಿದ್ದಷ್ಟೂ ಅತಿ ಗಟ್ಟಿ ಶಾಕಪ್‌ನಿಂದ ಗ್ರಿಪ್ ಕಡಿಮೆಯಾಗುತ್ತದೆ. ಏಕೆ ಎಂಬುದನ್ನೂ, ಹಳೆಯ ಶಾಕಪ್ ಬದಲಿಸುವಾಗ ಯಾವುದನ್ನು ಆರಿಸಬೇಕು ಎಂಬುದನ್ನೂ ನೋಡೋಣ.

ಶಾಕಪ್ ಕಾರಿನ ಭಾರ ಹೊರುವುದಿಲ್ಲ

ನಾವೆಲ್ಲ ಶಾಕಪ್ ಎಂದು ಕರೆಯುವ ಶಾಕ್ ಅಬ್ಸಾರ್ಬರ್ ಬಗ್ಗೆ ಇರುವ ಮೊದಲ ತಪ್ಪು ತಿಳಿವಳಿಕೆ ಇದು. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಗುಂಡಿಯ ಹೊಡೆತವನ್ನು ಮೊದಲು ನುಂಗುವುದೂ ಅದೇ. ಆದರೆ ಸ್ಪ್ರಿಂಗ್‌ಗೆ ಒಂದು ಗುಣವಿದೆ. ಒಮ್ಮೆ ಅದುಮಿ ಬಿಟ್ಟರೆ, ತೂಗಿಬಿಟ್ಟ ತೊಟ್ಟಿಲಿನಂತೆ, ತಾನಾಗಿ ನಿಲ್ಲುವವರೆಗೂ ಆಡುತ್ತಲೇ ಇರುತ್ತದೆ. ಆ ಆಟವನ್ನು ನಿಲ್ಲಿಸುವುದೇ ಶಾಕಪ್‌ನ ಕೆಲಸ.

ಅದರ ಒಳಗೆ ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ರಂಧ್ರಗಳು ಮತ್ತು ವಾಲ್ವ್‌ಗಳಿವೆ. ನೀರು ತುಂಬಿದ ಬಕೆಟ್‌ನಲ್ಲಿ ಕೈಯನ್ನು ನಿಧಾನವಾಗಿ ಆಡಿಸಿದರೆ ಸಲೀಸು, ಜೋರಾಗಿ ಆಡಿಸಿದರೆ ನೀರು ತಡೆಯುತ್ತದಲ್ಲವೇ? ಶಾಕಪ್‌ನಲ್ಲೂ ಹಾಗೆಯೇ. ಚಕ್ರ ಎಷ್ಟು ವೇಗವಾಗಿ ಮೇಲೆ ಕೆಳಗೆ ಹೋಗುತ್ತದೆಯೋ ಅಷ್ಟು ತಡೆ ಹುಟ್ಟುತ್ತದೆ. ಕುಲುಕಾಟದ ಶಕ್ತಿ ಎಣ್ಣೆಯಲ್ಲಿ ಶಾಖವಾಗಿ ಬದಲಾಗುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ದೂರ ಓಡಿಸಿದ ಮೇಲೆ ಶಾಕಪ್ ಬಿಸಿಯಾಗಿರುವುದು ಇದೇ ಕಾರಣಕ್ಕೆ.

ಶಾಕಪ್ ಒಂದೇ ಹೊತ್ತಿಗೆ ಎರಡು ಕುಣಿತಗಳನ್ನು ಹಿಡಿಯಬೇಕು. ಕಾರಿನ ಬಾಡಿ ಸೆಕೆಂಡಿಗೆ ಸುಮಾರು 1ರಿಂದ 1.5 ಬಾರಿ ನಿಧಾನವಾಗಿ ತೂಗುತ್ತದೆ. ಚಕ್ರ ಮಾತ್ರ ಸೆಕೆಂಡಿಗೆ 10ರಿಂದ 15 ಬಾರಿ ಪಟಪಟ ಕುಣಿಯುತ್ತದೆ. ಮೊದಲನೆಯದನ್ನು ಹಿಡಿದರೆ ಒಳಗೆ ಕೂತವರಿಗೆ ಸುಖ. ಎರಡನೆಯದನ್ನು ಹಿಡಿದರೆ ಟೈರ್ ನೆಲ ಬಿಡುವುದಿಲ್ಲ. ನಮ್ಮ ಜೀವ ಉಳಿಸುವುದು ಈ ಎರಡನೆಯದು.

ಹಗುರ ಕಾರಿನ ಲೆಕ್ಕವೇ ಬೇರೆ

ಒಂದು ಸಣ್ಣ ಲೆಕ್ಕ ನೋಡಿ. ಆಲ್ಟೊದಂಥ ಚಿಕ್ಕ ಕಾರಿನ ಖಾಲಿ ತೂಕ ಸುಮಾರು 750 ಕೆ.ಜಿ. ಎಂದಿಟ್ಟುಕೊಳ್ಳಿ. ದೊಡ್ಡ ಎಸ್‌ಯುವಿಯದು 1,900 ಕೆ.ಜಿ. ಎರಡೂ ಒಂದೇ ಲಯದಲ್ಲಿ ತೂಗಬೇಕಾದರೆ ಸ್ಪ್ರಿಂಗ್‌ನ ಬಿಗಿಯೂ ಶಾಕಪ್‌ನ ತಡೆಯೂ ತೂಕಕ್ಕೆ ತಕ್ಕಂತೆ ಇರಬೇಕು. ಅಂದರೆ ಚಿಕ್ಕ ಕಾರಿಗೆ ದೊಡ್ಡ ಗಾಡಿಯ ಅರ್ಧಕ್ಕಿಂತ ಕಡಿಮೆ ತಡೆ ಸಾಕು. ಭಾರದ ಗಾಡಿಗೆ ಸರಿಯಾದ ಶಾಕಪ್ ಹಗುರ ಕಾರಿಗೆ ಕಬ್ಬಿಣದ ಸಲಾಕೆ ಇದ್ದಂತೆ.

ಹಾಗಾದಾಗ ಏನಾಗುತ್ತದೆ? ಚಕ್ರ ಗುಂಡಿಯ ಅಂಚಿಗೆ ಬಂದಾಗ ಥಟ್ಟನೆ ಕೆಳಗಿಳಿದು ನೆಲ ಮುಟ್ಟಬೇಕು. ಅತಿ ಗಟ್ಟಿ ಶಾಕಪ್ ಅದನ್ನು ಬೇಗ ಇಳಿಯಲು ಬಿಡುವುದಿಲ್ಲ. ಒಂದು ಕ್ಷಣ ಟೈರ್ ಗಾಳಿಯಲ್ಲಿ ತೂಗುತ್ತದೆ. ಸಾಲಾಗಿ ಗುಂಡಿಗಳಿದ್ದರೆ ಒಂದರಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬರುತ್ತದೆ. ಆಗ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳಲಾರದೆ ಕಾರು ಕೆಳಕ್ಕೆ ಕುಸಿಯುತ್ತಾ ಹೋಗುತ್ತದೆ. ನೆಲ ಬಿಟ್ಟ ಟೈರ್‌ಗೆ ಬ್ರೇಕ್ ಇಲ್ಲ, ಸ್ಟೀರಿಂಗ್ ಇಲ್ಲ. ಎಬಿಎಸ್ ಇದ್ದರೂ ಆ ಕ್ಷಣಕ್ಕೆ ಅದು ಏನೂ ಮಾಡಲಾರದು. ಒಳಗೆ ಕೂತವರಿಗೆ ಮಾತ್ರ ಎಲ್ಲ ಬಿಗಿಯಾಗಿರುವಂತೆ ಕಾಣುವುದರಿಂದ, ಗಾಡಿ ರೋಡಿಗೆ ಅಂಟಿಕೊಂಡಿದೆ ಅನ್ನಿಸುತ್ತದೆ.

ಎರಡನೆಯ ತೊಡಕು ಜನರ ಭಾರ. ಅಮಾವಾಸ್ಯೆಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ಕುಟುಂಬವನ್ನು ನೆನಪಿಸಿಕೊಳ್ಳಿ. ಐದು ಜನ, ತಲೆಗೆ 60 ಕೆ.ಜಿ. ಎಂದರೂ 300 ಕೆ.ಜಿ. ಚಿಕ್ಕ ಕಾರಿಗೆ ಇದು ತನ್ನ ತೂಕದ ಶೇ. 40. ಅದೇ 1,900 ಕೆ.ಜಿ.ಯ ಗಾಡಿಗೆ ಏಳು ಜನ ಕೂತರೂ ಶೇ. 22 ಮಾತ್ರ. ಈ ಐವರ ಭಾರಕ್ಕೆಂದೇ ಗಟ್ಟಿ ಶಾಕಪ್ ಹಾಕಿಸಿದರೆ, ಮರುದಿನ ಒಬ್ಬರೇ ಓಡಿಸುವಾಗ ಕಾರು ಕಪ್ಪೆಯಂತೆ ನೆಗೆಯುತ್ತದೆ. ಕಾರು ತಯಾರಿಸಿದವರು ಖಾಲಿ ಮತ್ತು ತುಂಬಿದ ಎರಡೂ ಸ್ಥಿತಿಗೆ ಹೊಂದುವಂತೆ ನಡುವಿನ ಒಂದು ಅಳತೆಯನ್ನು ಆರಿಸಿರುತ್ತಾರೆ. ಹಗುರ ಕಾರಿನಲ್ಲಿ ಆ ನಡುವಿನ ದಾರಿ ಕಿರಿದು. ಅದನ್ನು ಕೆಡಿಸುವುದು ಸುಲಭ.

ನಮ್ಮ ರಸ್ತೆಗಳಲ್ಲಿ ಇದು ಏಕೆ ಮುಖ್ಯ?

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದಿಂದ ಮುಂದೆ ಘಾಟಿ ಶುರು. ಕಡಿದಾದ ತಿರುವುಗಳಲ್ಲಿ ಎದುರಿಗೆ ಬಸ್, ಪಕ್ಕದಲ್ಲಿ ಕಾಲ್ನಡಿಗೆಯ ಭಕ್ತರು. ಇಳಿಯುವಾಗ ಕಾರಿನ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಯಳಂದೂರಿನಿಂದ ಗುಂಬಳ್ಳಿ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ದಾರಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಗುತ್ತದೆ. ಜಿಂಕೆಯೋ ಆನೆಯೋ ಅಡ್ಡ ಬಂದರೆ ತಕ್ಷಣ ಬ್ರೇಕ್ ಒತ್ತಬೇಕು. ಇಂಥ ಕಡೆ ಟೈರ್ ನೆಲದಲ್ಲಿ ಇದೆಯೋ ಇಲ್ಲವೋ ಎಂಬುದು ಸ್ಟೈಲಿನ ಪ್ರಶ್ನೆಯಲ್ಲ.

ಸತ್ತುಹೋದ ಶಾಕಪ್ ಕೂಡ ಅಷ್ಟೇ ಅಪಾಯ. ತಡೆಯೇ ಇಲ್ಲದೆ ಚಕ್ರ ನೆಲದ ಮೇಲೆ ಚೆಂಡಿನಂತೆ ಪುಟಿಯುತ್ತದೆ, ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲುವ ದೂರ ಹೆಚ್ಚುತ್ತದೆ. ಆದ್ದರಿಂದ ಹಾಳಾದದ್ದನ್ನು ಬದಲಿಸಲೇಬೇಕು. ಸರಿಯಾದದ್ದನ್ನೇ ಹಾಕಬೇಕು.

ನಿಜವಾಗಿ ಹಾಳಾಗಿದೆಯೇ? ಮೊದಲು ನೋಡಿ

• ಎಣ್ಣೆ: ಶಾಕಪ್ ಮೇಲ್ಭಾಗದಲ್ಲಿ ತೆಳುವಾದ ಜಿಡ್ಡು, ಅದಕ್ಕೆ ಅಂಟಿದ ಧೂಳು ಇದ್ದರೆ ಸಾಮಾನ್ಯ. ಎಣ್ಣೆ ಒಸರಿ ಕೆಳಗೆ ಹರಿದಿದ್ದರೆ ಸೀಲ್ ಹೋಗಿದೆ.
• ಟೈರ್: ಕೈಯಾಡಿಸಿದಾಗ ಅಲ್ಲಲ್ಲಿ ತಗ್ಗು ದಿಣ್ಣೆಯಾಗಿ ಸವೆದಿದ್ದರೆ ಚಕ್ರ ಪುಟಿಯುತ್ತಿರಬಹುದು.
• ಓಟ: ಬ್ರೇಕ್ ಹಾಕಿದಾಗ ಮೂತಿ ಅತಿಯಾಗಿ ಬಾಗುವುದು, ಉಬ್ಬು ದಾಟಿದ ಮೇಲೂ ಕಾರು ತೂಗುತ್ತಲೇ ಇರುವುದು.
• ಅದುಮಿ ನೋಡುವುದು: ಕಾರಿನ ಮೂಲೆಯನ್ನು ಒತ್ತಿ ಬಿಟ್ಟಾಗ ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಬಾರಿ ತೂಗಿದರೆ ಶಾಕಪ್ ಸತ್ತಿದೆ. ಆದರೆ ಈ ಪರೀಕ್ಷೆಯಲ್ಲಿ ಪಾಸಾದರೆ ಚೆನ್ನಾಗಿದೆ ಎಂದರ್ಥವಲ್ಲ. ಕೈಯಲ್ಲಿ ಒತ್ತುವ ವೇಗ ತೀರಾ ಕಡಿಮೆ, ಅರ್ಧ ಹಾಳಾದ ಶಾಕಪ್ ಇದರಲ್ಲಿ ಸಿಕ್ಕಿಬೀಳುವುದಿಲ್ಲ.

'ಕಟಕಟ' ಸದ್ದು ಬಂದ ಕೂಡಲೇ ಶಾಕಪ್ ಬದಲಿಸಬೇಡಿ. ಆ ಸದ್ದು ಬಹಳ ಸಲ ಲಿಂಕ್ ರಾಡ್, ಬುಷ್ ಅಥವಾ ಮೇಲಿನ ಮೌಂಟಿಂಗ್‌ನಿಂದ ಬರುತ್ತದೆ. ಇವು ಶಾಕಪ್‌ಗಿಂತ ಅಗ್ಗ. ಇದನ್ನೊಂದು ನೋಡಿಸಿದರೆ ಸಾವಿರಾರು ರೂಪಾಯಿ ಉಳಿಯಬಹುದು.

ಹೊಸದನ್ನು ಆರಿಸುವುದು ಹೇಗೆ?

1. ಮಾಡೆಲ್ ಹೆಸರು ಸಾಲದು. ತಯಾರಾದ ವರ್ಷ, ಪೆಟ್ರೋಲೋ ಡೀಸೆಲ್ಲೋ ಎಂಬುದೂ ಬೇಕು. ಡೀಸೆಲ್ ಎಂಜಿನ್ ಭಾರ, ಆದ್ದರಿಂದ ಒಂದೇ ಹೆಸರಿನ ಕಾರಿಗೂ ಮುಂದಿನ ಶಾಕಪ್ ಬೇರೆ ಇರಬಹುದು. ಆರ್‌ಸಿ ತೋರಿಸಿ, ಪಾರ್ಟ್ ನಂಬರ್ ತಾಳೆ ನೋಡಿ.

2. ಕಂಪನಿ ಕೊಟ್ಟ ಅಳತೆಯ ಶಾಕಪ್ಪೇ ಮೊದಲ ಆಯ್ಕೆ. ಕಾರು ಕಂಪನಿಯ ಡಬ್ಬಿಯಲ್ಲೇ ಬರಬೇಕೆಂದಿಲ್ಲ. ಹೆಸರುವಾಸಿ ತಯಾರಕರು ಅದೇ ಅಳತೆಗೆ ಮಾಡಿದ್ದೂ ಆಗುತ್ತದೆ. 'ಇದಕ್ಕೂ ಕೂರುತ್ತೆ' ಎನ್ನುವ ಬೇರೆ ಗಾಡಿಯ ಶಾಕಪ್ ಬೇಡ. ಬೋಲ್ಟ್ ಕೂತರೂ ಒಳಗಿನ ವಾಲ್ವ್ ಬೇರೆಯೇ.

3. ಆಯಿಲ್ ಶಾಕಪ್ಪೋ ಗ್ಯಾಸ್ ಶಾಕಪ್ಪೋ? ಗ್ಯಾಸ್ ಶಾಕಪ್‌ನಲ್ಲೂ ಎಣ್ಣೆಯೇ ಕೆಲಸ ಮಾಡುವುದು. ನೈಟ್ರೋಜನ್ ಒತ್ತಡವು ಎಣ್ಣೆ ನೊರೆಯಾಗದಂತೆ ತಡೆಯುತ್ತದೆ. ನೊರೆಯಾದರೆ ತಡೆ ಕುಸಿಯುತ್ತದೆ. ಹಾಗಾಗಿ ಕೆಟ್ಟ ರಸ್ತೆಯಲ್ಲಿ ಹೆಚ್ಚು ಓಡುವವರಿಗೆ ಗ್ಯಾಸ್ ಒಳ್ಳೆಯದು, ಅದು ನಿಮ್ಮ ಕಾರಿನ ಅಳತೆಯದೇ ಆಗಿದ್ದರೆ.

4. ಜೋಡಿಯಾಗಿ ಬದಲಿಸಿ. ಮುಂದಿನ ಎರಡೂ ಅಥವಾ ಹಿಂದಿನ ಎರಡೂ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳತು ಇದ್ದರೆ ಎಡ ತಿರುವಿಗೊಂದು ರೀತಿ, ಬಲ ತಿರುವಿಗೊಂದು ರೀತಿ ಗಾಡಿ ವರ್ತಿಸುತ್ತದೆ.

5. ಸಣ್ಣ ಭಾಗಗಳನ್ನು ಬಿಡಬೇಡಿ. ಬಂಪ್ ಸ್ಟಾಪರ್, ಡಸ್ಟ್ ಕವರ್, ಮೇಲಿನ ಮೌಂಟಿಂಗ್ ಹರಿದಿದ್ದರೆ ಈಗಲೇ ಬದಲಿಸಿ. ಹರಿದ ಡಸ್ಟ್ ಕವರ್‌ನಿಂದ ಮಣ್ಣು ಒಳಹೋಗಿ ಹೊಸ ಸೀಲನ್ನೂ ತಿನ್ನುತ್ತದೆ.

6. ಬಿಲ್ ಕೇಳಿ. ನಕಲಿ ಬಿಡಿಭಾಗಗಳು ಮಾರುಕಟ್ಟೆಯಲ್ಲಿವೆ. ಬಿಲ್ ಇಲ್ಲದೆ ವಾರಂಟಿ ಇಲ್ಲ.

ಕೂರಿಸುವಾಗ ಗಮನಿಸಬೇಕಾದದ್ದು

ನಮ್ಮ ಚಿಕ್ಕ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಇದರಲ್ಲಿ ಶಾಕಪ್ ಮೇಲೆಯೇ ಸ್ಪ್ರಿಂಗ್ ಒತ್ತಿ ಕೂರಿಸಿರುತ್ತಾರೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಗುಂಡಿನಂತೆ ಸಿಡಿಯುತ್ತದೆ. ವಿಡಿಯೊ ನೋಡಿ ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಹೊಸ ಶಾಕಪ್ಪನ್ನು ನೆಟ್ಟಗೆ ಹಿಡಿದು ನಾಲ್ಕೈದು ಬಾರಿ ಪೂರ್ತಿ ಒತ್ತಿ ಎಳೆದು ಒಳಗಿನ ಗಾಳಿಗುಳ್ಳೆ ತೆಗೆದು ಕೂರಿಸಬೇಕು. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡುವುದು ಕಾರನ್ನು ನೆಲಕ್ಕಿಳಿಸಿದ ಮೇಲೆ. ಜಾಕ್ ಮೇಲೆಯೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಮುಂದಿನ ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ಹರಿದಾಡುವ ಇನ್ನಷ್ಟು ಮಾತುಗಳು

'ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ತುರುಕಿದರೆ ಶಾಕಪ್ ಬದಲಿಸಬೇಕಿಲ್ಲ': ಸುಳ್ಳು. ಬಫರ್ ಸ್ಪ್ರಿಂಗನ್ನು ಬಿಗಿ ಮಾಡುತ್ತದೆ ಅಷ್ಟೆ, ಆಟ ನಿಲ್ಲಿಸುವುದಿಲ್ಲ. ಬಿಗಿಯಾದ ಸ್ಪ್ರಿಂಗ್‌ಗೆ ಇನ್ನೂ ಹೆಚ್ಚು ತಡೆ ಬೇಕು. ಸತ್ತ ಶಾಕಪ್ ಜೊತೆ ಇದು ಇನ್ನೂ ಕೆಟ್ಟದ್ದು.

'ಗ್ಯಾಸ್ ಶಾಕಪ್ ಹಾಕಿದರೆ ಕಾರು ಎತ್ತರವಾಗುತ್ತದೆ': ಹೆಸರಿಗೆ ಮಾತ್ರ. ಸಾಮಾನ್ಯ ಕಡಿಮೆ ಒತ್ತಡದ ಗ್ಯಾಸ್ ಶಾಕಪ್ ಮೇಲಕ್ಕೆ ತಳ್ಳುವ ಬಲ ಏಳೆಂಟು ಕೆ.ಜಿ. ಭಾರದಷ್ಟು. ಕಾರು ಏಳುವುದು ಕೆಲವೇ ಮಿ.ಮೀ.

'ಇಷ್ಟು ಕಿ.ಮೀ. ಆದಮೇಲೆ ಬದಲಿಸಲೇಬೇಕು': ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಹೆದ್ದಾರಿಯಲ್ಲೇ ಓಡಿದ ಕಾರಿಗೂ ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಮಣ್ಣುದಾರಿಯ ಕಾರಿಗೂ ಬಹಳ ಅಂತರ. ಪ್ರತಿ ಸರ್ವೀಸಿನಲ್ಲಿ ನೋಡಿಸಿ.

'ಕಾರು ಇಳಿಸಿದರೆ ತಿರುವಿನಲ್ಲಿ ಚೆನ್ನಾಗಿ ಹೋಗುತ್ತದೆ': ಚಿಕ್ಕ ಕಾರಿನ ನೆಲದ ಅಂತರ ಸುಮಾರು 160 ಮಿ.ಮೀ. ಎರಡು ಇಂಚು, ಅಂದರೆ 50 ಮಿ.ಮೀ. ಇಳಿಸಿದರೆ ಉಳಿಯುವುದು 110. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ರಸ್ತೆ ಉಬ್ಬಿನ ಎತ್ತರವೇ 100 ಮಿ.ಮೀ. ಜನ ಕೂತರೆ ಕಾರು ಇನ್ನೂ ಇಳಿಯುತ್ತದೆ. ಊರ ಮುಂದಿನ ಉಬ್ಬುಗಳು ಯಾವ ಮಾನದಂಡದಲ್ಲಿವೆ ಎಂಬುದು ನಿಮಗೇ ಗೊತ್ತು!

ಕಾನೂನಿನ ಮಾತೂ ಇದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ಅಳತೆಯ ಶಾಕಪ್ ಹಾಕುವುದು ರಿಪೇರಿ. ಕಾರಿನ ಸ್ವರೂಪವನ್ನೇ ಬದಲಿಸುವುದು ಬೇರೆ. ಅಪಘಾತವಾದರೆ ವಿಮೆಯಲ್ಲೂ ತಕರಾರು ಬರಬಹುದು.

ಹಾಗಾದರೆ ನಿಜವಾದ ಸ್ಪೋರ್ಟ್ಸ್ ಕಾರಿಗೆ?

ಹಗುರ ಸ್ಪೋರ್ಟ್ಸ್ ಕಾರುಗಳು ನಮ್ಮಲ್ಲಿ ಅಪರೂಪ. ಬೆಂಗಳೂರಿನ ಸ್ಯಾನ್ ಕಂಪನಿ 1990ರ ದಶಕದ ಕೊನೆಗೆ ತಂದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ಅಂಥದ್ದು. ಉತ್ಪಾದನೆ ನಿಂತ ಇಂಥ ಕಾರುಗಳಿಗೆ ಶಾಕಪ್ ಅಂಗಡಿಯಲ್ಲಿ ಸಿಗುವುದಿಲ್ಲ. ಆಗ ಹಳೆಯದರ ಪೂರ್ತಿ ಉದ್ದ, ಒತ್ತಿದಾಗಿನ ಉದ್ದ, ಎರಡೂ ತುದಿಯ ಜೋಡಣೆ ಅಳೆದು, ಕಾರಿನ ತೂಕ ಹೇಳಿ, ವಾಲ್ವ್ ಸಮೇತ ಹೊಸದಾಗಿ ಕಟ್ಟಿಸಬೇಕಾಗುತ್ತದೆ. ಬರಿ ಎಣ್ಣೆ ತುಂಬಿಸಿ ಸೀಲ್ ಹಾಕಿದರೆ ಸಾಲದು. ಇಲ್ಲೂ ಸೂತ್ರ ಅದೇ: ತೂಕಕ್ಕೆ ತಕ್ಕ ತಡೆ. ಕೈಯಲ್ಲೇ ಗಟ್ಟಿತನ ಹೊಂದಿಸುವ ಅಡ್ಜಸ್ಟಬಲ್ ಶಾಕಪ್ ಇದ್ದರೆ ಮೃದುವಿನಿಂದ ಶುರುಮಾಡಿ, ಕಾರು ತೂಗುವುದು ನಿಂತಲ್ಲಿ ನಿಲ್ಲಿಸಿ.

ಒಟ್ಟಿನಲ್ಲಿ

ಗಟ್ಟಿ ಶಾಕಪ್ ಎಂದರೆ ಹೆಚ್ಚು ಗ್ರಿಪ್ ಎಂಬುದು ತಪ್ಪು. ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವುದು ಸರಿಯಾದ ಅಳತೆಯ ಶಾಕಪ್. ಹಗುರ ಕಾರಿಗೆ ಆ ಅಳತೆ ನೀವು ಅಂದುಕೊಂಡದ್ದಕ್ಕಿಂತ ಮೃದು. ಇನ್ನೊಂದು ಮಾತು: ಹೊಸ ಶಾಕಪ್ ಬ್ರೇಕಿನ ಕೆಲಸ ಮಾಡುವುದಿಲ್ಲ. ಬೆಟ್ಟ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. 'ಎರಡು ಇಂಚು ಇಳಿಸಿ' ಎಂಬ ಮೆಸೇಜು ಮತ್ತೆ ಬಂದರೆ ಮುಂದೆ ಕಳಿಸಬೇಡಿ. ಮುಂದಿನ ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಟಿರುವ ನಿಮ್ಮವರಿಗೆ ಇದನ್ನು ಕಳಿಸಿ.