ಕಾಳಗಕ್ಕೆ ಮುನ್ನಿನ ಕಳವಳ

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಗಳು ಹಿಂದೆ ಕೆಳದಿಯ ನಾಯಕರ ಆಳಿಕೆಗೆ ಒಳಪಟ್ಟಿದ್ದವು. ಕೆಳದಿ ಇಕ್ಕೇರಿಗಳು ಸಾಗರದ ಸೀಮೆಯಲ್ಲಿಯೂ, ೧೭ನೆಯ ಶತಮಾನದಲ್ಲಿ ರಾಜಧಾನಿಯಾದ ಬಿದನೂರು ಹೊಸನಗರದ ಸೀಮೆಯಲ್ಲಿಯೂ, ಕವಲೇದುರ್ಗವು ತೀರ್ಥಹಳ್ಳಿಯ ಸೀಮೆಯಲ್ಲಿಯೂ ಇವೆ. ಈ ಮನೆತನದ ಚರಿತ್ರೆಯಲ್ಲಿ ದೊಡ್ಡಸಂಕಣ್ಣನಾಯಕನ ಕಥೆಯೊಂದು ಪ್ರಸಿದ್ಧವಾಗಿದೆ. ಆತನು ತೀರ್ಥಯಾತ್ರೆಯಲ್ಲಿ ದಿಲ್ಲಿಗೆ ಹೋದಾಗ, ಅಂಕುಶಖಾನನೆಂಬ ವೀರನು ಎದುರಾಳಿಗಳನ್ನು ಕೆಣಕಲು ಬಾಗಿಲಲ್ಲಿ ತೂಗಹಾಕಿದ್ದ ಕತ್ತಿಯನ್ನು ಇಳಿಸಿಕೊಂಡು, ಅವನೊಡನೆ ಸೆಣಸಿ ಗೆದ್ದನೆಂಬುದೇ ಆ ಕಥೆ.

ಲೋಕವು ನೆನೆಯುವುದು ಗೆಲವನ್ನು. ಆದರೆ ಪಂಥವನ್ನು ಒಪ್ಪಿದ ಗಳಿಗೆಗೂ ಕಣಕ್ಕಿಳಿಯುವ ಗಳಿಗೆಗೂ ನಡುವಣ ಕಾಲವೇ ಸ್ಪರ್ಧಾಳುವಿಗೆ ಕಠಿನವಾದುದು. ಆಗ ಬಾಯಿ ಒಣಗುವುದು, ಅಂಗೈ ಬೆವರುವುದು, ತೊಡೆ ನಡುಗುವುದು. ಇವನ್ನು ಕಂಡವರು ಹೇಡಿತನವೆಂದು ಹಳಿಯುವುದುಂಟು. ಈ ತೀರ್ಪು ಶಾಸ್ತ್ರಸಮ್ಮತವೇ ಎಂಬುದು ವಿಚಾರಣೀಯವಾಗಿದೆ.

ಭರತಮುನಿಯು ಸ್ವೇದ, ರೋಮಾಂಚ, ವೇಪಥು ಮೊದಲಾದ ಎಂಟನ್ನು ಸಾತ್ತ್ವಿಕಭಾವಗಳೆಂದು ಎಣಿಸಿದ್ದಾನೆ. ಇವು ಮನಸ್ಸಿನಿಂದ ಹುಟ್ಟಿ ಮೈಯಲ್ಲಿ ತೋರುವಂಥವು. ಯಾವ ಒಂದು ರಸಕ್ಕೂ ಮೀಸಲಾದವುಗಳಲ್ಲ. ನಾಟ್ಯಶಾಸ್ತ್ರದಲ್ಲಿ ಆವೇಗವೂ ರೋಮಾಂಚವೂ ಭಯಾನಕಕ್ಕೆ ಹೇಗೋ ವೀರಕ್ಕೂ ಹಾಗೆಯೇ ಹೇಳಲ್ಪಟ್ಟಿವೆ. ಭೇದವಿರುವುದು ಅವುಗಳ ಒಡನಾಡಿಗಳಲ್ಲಿ: ಭಯಾನಕದಲ್ಲಿ ಶಂಕೆ, ದೈನ್ಯ, ತ್ರಾಸ, ವೀರದಲ್ಲಿ ಧೃತಿ, ಮತಿ, ಗರ್ವ. ಆದುದರಿಂದ ಮೈ ಜುಮ್ಮೆಂದ ಮಾತ್ರಕ್ಕೆ ಒಬ್ಬನನ್ನು ಹೇಡಿಯೆನ್ನಲಾಗದು. ಆ ಕಂಪಕ್ಕೆ ಜೊತೆಯಾದುದು ಶಂಕೆಯೋ ಧೃತಿಯೋ ಎಂಬುದನ್ನು ನೋಡಬೇಕು.

ಈ ಧೃತಿಯಾದರೂ ಎಲ್ಲಿಂದ ಬರುತ್ತದೆ? ಅದರ ಕಾರಣಗಳಲ್ಲಿ ಶೌರ್ಯದೊಡನೆ ವಿಜ್ಞಾನವನ್ನೂ ಗುರುಭಕ್ತಿಯನ್ನೂ ಭರತನು ಸೇರಿಸಿದ್ದಾನೆ. ಎಂದರೆ ಅದು ಹುಟ್ಟುಗುಣವಷ್ಟೇ ಅಲ್ಲ, ಕಲಿಕೆಯ ಫಲವೂ ಹೌದು. ೧೨ನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದವು ಇದಕ್ಕೆ ಪೋಷಕವಾಗಿದೆ. ಅಲ್ಲಿ ಜಟ್ಟಿಗಳಿಗೆ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಮುಂತಾದ ಸಾಧನೆಗಳು ವಿಧಿಸಲ್ಪಟ್ಟಿವೆ. ಇಂಥ ನಿತ್ಯಾಭ್ಯಾಸದಿಂದ ಬಲಿಯುವುದು ತೋಳೊಂದೇ ಅಲ್ಲ. ತೋಳಿನ ಮೇಲಣ ನಂಬಿಕೆಯೂ ಬಲಿಯುತ್ತದೆ.

ಆಧುನಿಕ ಮನಶ್ಶಾಸ್ತ್ರವೂ ಈ ವಿವೇಕಕ್ಕೆ ಹತ್ತಿರ ಬಂದಿದೆ. ೧೯೯೦ರಲ್ಲಿ ಅಮೆರಿಕದ ರೈನರ್ ಮಾರ್ಟೆನ್ಸ್ ಮೊದಲಾದವರು ಆಟಗಾರರ ಕಳವಳದಲ್ಲಿ ಮನಸ್ಸಿನ ಚಿಂತೆ, ಮೈಯ ಉದ್ವೇಗ, ಆತ್ಮವಿಶ್ವಾಸಗಳನ್ನು ಬೇರೆಬೇರೆಯಾಗಿ ಅಳೆಯುವ ಕ್ರಮವನ್ನು ವಿವರಿಸಿದರು. ಮೈಯ ಉದ್ವೇಗವು ಸ್ಪರ್ಧೆ ಸಮೀಪಿಸಿದಂತೆ ಏರಿ, ಆಟ ಮೊದಲಾದೊಡನೆ ಸಾಮಾನ್ಯವಾಗಿ ಇಳಿಯುತ್ತದೆಂಬುದು ಅವರ ಮತ.

ಆದಕಾರಣ ಪಂದ್ಯಕ್ಕೆ ಮುನ್ನ ನಡುಗುವ ಹುಡುಗನನ್ನು ಅಳುಕನೆಂದು ಜರೆಯುವ ಉಪಾಧ್ಯಾಯರು ಅವನ ಆವೇಗಕ್ಕೆ ಶಂಕೆಯನ್ನು ಜೊತೆಮಾಡಿದಂತಾಗುತ್ತದೆ. ನಡುಕವು ಸಹಜವೆಂದು ತಿಳಿಸಿ ಅಭ್ಯಾಸವನ್ನು ನೆನಪಿಸುವವರು ಧೃತಿಯನ್ನು ಜೊತೆಮಾಡುತ್ತಾರೆ. ವೀರನೆಂದರೆ ನಡುಗದವನಲ್ಲ, ನಡುಗಿದರೂ ಧೃತಿಗೆಡದವನು.